ನಂಬಿಸಿ ಮೋಸ ಮಾಡಿರುತ್ತಾರೆ

ನನ್ನ ಕಂಪ್ಯೂಟರಿನಲ್ಲಿ 'ನಂಮ' ಅಂತ ಕುಟ್ಟಿ ಒಂದು ಸ್ಪೇಸ್ ಕೊಟ್ಟರೆ 'ನಂಬಿಸಿ ಮೋಸ ಮಾಡಿರುತ್ತಾರೆ' ಅಂತ ತಾನಾಗೇ ಮೂಡುತ್ತೆ. ಹತ್ತು ವರ್ಷದ ಹಿಂದೆ ಅಂಗಡಿಗೆ ಬರ್ತಿದ್ದ ಲಾ ಕಾಲೇಜಿನ ಹುಡುಗನೊಬ್ಬ ಆಟೋಕರೆಕ್ಟಿಗೆ ಸೇರಿಸಿಕೊಟ್ಟು ಹೋದದ್ದು. "ಆಂಟಿ, ದಿನಕ್ಕೆ ಎಷ್ಟು ಸಲ ಇದನ್ನೇ ಹೊಡೀತೀರ, ಬೆರಳು ಸವೆದುಹೋಗತ್ತೆ" ಅಂದಿದ್ದ. ಅವನೀಗ ವಕೀಲ. ನನ್ನ ಬೆರಳು ಇನ್ನೂ ಗಟ್ಟಿಯಾಗೇ ಇವೆ.

ನನ್ನದು ಜಾಬ್ ಟೈಪಿಂಗ್. ಕೆ.ಜಿ. ರಸ್ತೆಯ ಸಿಟಿ ಸಿವಿಲ್ ಕೋರ್ಟಿನಿಂದ ಐದು ನಿಮಿಷ ನಡೆದರೆ ಒಂದು ಹಳೇ ಕಟ್ಟಡ, ಅದರ ಮೆಟ್ಟಿಲ ಕೆಳಗಿನ ಜಾಗ. ಎರಡು ಕಂಪ್ಯೂಟರು, ಒಂದು ಪ್ರಿಂಟರು, ಒಂದು ಜೆರಾಕ್ಸು, ಮಳೆ ಬಂದರೆ ಒಂದು ಬಕೆಟ್ಟು. ಇಪ್ಪತ್ತೇಳು ವರ್ಷ ಆಯ್ತು. ಮೊದಲು ಟೈಪ್‌ರೈಟರು, ಆಮೇಲೆ ಕಂಪ್ಯೂಟರಿನಲ್ಲಿ 'ನುಡಿ' ತಂತ್ರಾಂಶ, ಈಗ ಯೂನಿಕೋಡು. ಅಫಿಡವಿಟ್ಟು, ಬಾಡಿಗೆ ಕರಾರು, ಲೀಗಲ್ ನೋಟೀಸು, ಮತ್ತೆ ಪೊಲೀಸ್ ದೂರು. ದೂರನ್ನು ಬಿಳಿ ಹಾಳೆಯಲ್ಲಿ ಕೈಯಲ್ಲಿ ಬರೆದುಕೊಟ್ಟರೂ ನಡೆಯುತ್ತೆ. ಆದರೆ ಟೈಪಾದರೆ ತೂಕ ಜಾಸ್ತಿ ಅಂತ ಜನರ ನಂಬಿಕೆ. ಆ ನಂಬಿಕೆಯಲ್ಲಿ ನನ್ನ ಮನೆ ನಡೆದಿದೆ, ಹಾಗಾಗಿ ಅದನ್ನು ಅಲ್ಲಗಳೆಯೋಕೆ ಹೋಗಲ್ಲ.

ದೂರು ಬರೆಸೋಕೆ ಬಂದವರ್ಯಾರೂ 'ವಂಚನೆ' ಅನ್ನಲ್ಲ. ಮಂಡ್ಯ ಕಡೆಯ ಹೆಂಗಸು ಬಂದು ಕೂತಳೋ, "ನುಣ್ಣಗೆ ಬೋಳಿಸ್ಬುಟ್ಟ ಕಣಕ್ಕ." ಹುಬ್ಬಳ್ಳಿಯವರಾದರೆ, "ದಗಾ ಮಾಡ್ಯಾನ್ರೀ, ದೊಡ್ಡ ದಗಾ." ಶ್ರೀರಾಮಪುರದ ಆಟೋದವರದು ಒಂದೇ ಮಾತು, "ಯಾಮಾರ್ಸ್ಬಿಟ್ಟ." ಚಿಕ್ಕಪೇಟೆಯ ಬಟ್ಟೆ ಅಂಗಡಿಯವರೊಬ್ಬರು ಹೇಳಿದ್ದು "ಮಕ್ಮಲ್ ಟೋಪಿ". ಬರೀ ಟೋಪಿ ಆದರೆ ಹಾಕಿದ್ದು ತಲೆಗೆ ಗೊತ್ತಾಗುತ್ತೆ, ಮಕ್ಮಲ್ಲಾದರೆ ಮನೆಗೆ ಹೋಗಿ ಕನ್ನಡಿ ನೋಡಿಕೊಂಡಾಗಲೇ ಅಂತ ಅವರೇ ವಿವರಿಸಿದರು. ಈಚೆಗೆ ಬರೋ ಐಟಿ ಹುಡುಗರು "ಸ್ಕ್ಯಾಮ್ ಆಯ್ತು" ಅಂತಾರೆ. ಮಳೆ ಆಯ್ತು, ಜ್ವರ ಆಯ್ತು ಅಂದ ಹಾಗೆ. ಮಾಡಿದವನೇ ಇಲ್ಲ ಆ ಮಾತಿನಲ್ಲಿ.

ಒಮ್ಮೆ ಒಬ್ಬರು ಅಯ್ಯಂಗಾರ್ ಹಿರಿಯರು ಚೀಟಿ ವ್ಯವಹಾರದ ದೂರು ಬರೆಸ್ತಾ ಇದ್ದರು. ಪಕ್ಕದಲ್ಲಿ ಜೆರಾಕ್ಸಿಗೆ ನಿಂತಿದ್ದವನು ಕರುಣೆಯಿಂದ, "ಅಯ್ಯೋ, ಯಜಮಾನರಿಗೇ ನಾಮ ಹಾಕ್ಬಿಟ್ರಾ" ಅಂದ. ಅವರು ಹಣೆ ಮುಟ್ಟಿಕೊಂಡು, "ಇದು ನಾನೇ ಹಾಕ್ಕೊಂಡಿದ್ದಪ್ಪ, ಅವನು ಹಾಕಿದ್ದು ಕಾಣಿಸಲ್ಲ" ಅಂದರು. ಆರೂವರೆ ಲಕ್ಷ ಕಳಕೊಂಡು ಬಂದ ಮನುಷ್ಯ. ನಾವು ಮೂವರೂ ನಕ್ಕೆವು. ಆಮೇಲೆ ನಾನು 'ನಂಮ' ಹೊಡೆದೆ.

ಈ ಮಾತುಗಳಲ್ಲಿ ನನಗೆ ತುಂಬಾ ದಿನ ಕಾಡಿದ್ದು ಚಳ್ಳೆಹಣ್ಣು. 'ಪೊಲೀಸರಿಗೆ ಚಳ್ಳೆಹಣ್ಣು ತಿನ್ನಿಸಿ ಪರಾರಿ' ಅಂತ ಪತ್ರಿಕೆಯಲ್ಲಿ ವಾರಕ್ಕೊಂದು ಸಲವಾದರೂ ಇರುತ್ತೆ. ಬೆಂಗಳೂರಲ್ಲೇ ಹುಟ್ಟಿದವರು ಆ ಹಣ್ಣು ನೋಡಿರಲ್ಲ. ನಮ್ಮಜ್ಜಿ ಊರು ಕುಣಿಗಲ್ ಹತ್ತಿರ. ಅಲ್ಲಿ ಕೆರೆ ಏರಿ ಪಕ್ಕ ಒಂದು ಚಳ್ಳೆಮರ ಇತ್ತು. ಗೋಲಿಯಷ್ಟು ಹಣ್ಣು, ಒಳಗೆಲ್ಲ ಲೋಳೆ. ಗಾಳಿಪಟಕ್ಕೆ ಕಾಗದ ಅಂಟಿಸೋಕೆ ನಮಗೆ ಅದೇ ಗೋಂದು. ಬಾಯಿಗೆ ಹಾಕಿದರೆ ನಾಲಿಗೆ, ಹಲ್ಲು, ತುಟಿ ಎಲ್ಲಾ ಮೆತ್ತಿಕೊಂಡು ಮಾತೇ ಹೊರಡಲ್ಲ, ಬೆರಳಲ್ಲಿ ತೆಗೀಬೇಕು, ಬೆರಳಿಗೂ ಅಂಟುತ್ತೆ. ನೀವು ಅದರಲ್ಲಿ ಮುಳುಗಿರೋ ಹೊತ್ತಿಗೆ ತಿನ್ನಿಸಿದವನು ಏರಿ ದಾಟಿ ಹೋಗಿರ್ತಾನೆ. ಈ ಮಾತು ಹುಟ್ಟಿದ್ದು ಹೀಗೇ ಅಂತ ನಾನು ಪ್ರಮಾಣ ಮಾಡಲ್ಲ. ಆದರೆ ಆ ಹಣ್ಣು ತಿಂದವಳಿಗೆ ಬೇರೆ ವಿವರಣೆ ಬೇಕಾಗಲ್ಲ.

ಇಷ್ಟು ಬಣ್ಣದ ಮಾತುಗಳು ನನ್ನ ಮೇಜಿನ ಆಚೆ ಬದಿಯಿಂದ ಬಂದು ಈಚೆ ಬದಿಯಲ್ಲಿ ಒಂದೇ ಸಾಲಾಗುತ್ತವೆ. ಬೋಳಿಸಿದ್ದು, ದಗಾ, ನಾಮ, ಟೋಪಿ ಎಲ್ಲಾ 'ನಂಬಿಸಿ ಮೋಸ ಮಾಡಿರುತ್ತಾರೆ'. 'ಅವನು' 'ಸದರಿಯವರು' ಆಗ್ತಾನೆ. ಐದು ನಿಮಿಷದ ಹಿಂದೆ ನನ್ನೆದುರು ಅವನ ವಂಶಕ್ಕೇ ಶಾಪ ಹಾಕಿದವರು, ಪ್ರಿಂಟಲ್ಲಿ 'ಮಾಡಿರುತ್ತಾರೆ' ಅಂತ ಮರ್ಯಾದೆ ಕೊಟ್ಟಿರೋದು ನೋಡಿ ತಲೆಯಾಡಿಸಿ ಸಹಿ ಹಾಕ್ತಾರೆ. ಒಬ್ಬಳೇ ಒಬ್ಬಳು, ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸ್ ಹುಡುಗಿ, ಕೇಳಿದ್ದಳು: "ಮೇಡಂ, ಇವನಿಗ್ಯಾಕೆ ಬಹುವಚನ?" ಕಾನೂನಿನ ಭಾಷೆ ಹಾಗೇ ಕಣಮ್ಮ ಅಂದಿದ್ದೆ. ಉತ್ತರ ನನಗೂ ರುಚಿಸಿರಲಿಲ್ಲ.

ಇನ್ನೊಂದು ಗಮನಿಸಿ. ಮನೆಮಾತಿನಲ್ಲಿ 'ಮಾಡಿರುತ್ತಾರೆ' ಅನ್ನೋದು ಊಹೆ. "ಹೊತ್ತಾಯ್ತಲ್ಲ, ಊಟ ಮಾಡಿರ್ತಾರೆ ಬಿಡು" ಅಂತೀವಿ. ಕಂಡಿದ್ದಲ್ಲ, ಅಂದಾಜು. ಠಾಣೆಯ ಕನ್ನಡದಲ್ಲಿ ಅದೇ ಪದ ಖಚಿತವಾಗಿ ನಡೆದ ಸಂಗತಿ. ಆ ಸಾಲನ್ನು ಸಾವಿರಾರು ಸಲ ಹೊಡೆದಿದ್ದೀನಿ, ಎರಡು ಅರ್ಥದ ನಡುವಿನ ಈ ಸಂದು ಕಣ್ಣಿಗೆ ಬಿದ್ದದ್ದು ನನ್ನದೇ ದೂರು ಹೊಡೆಯೋಕೆ ಕೂತಾಗ.

ಅಲ್ಲಿಗೆ ಬರ್ತೀನಿ. ಅದಕ್ಕೆ ಮುಂಚೆ 'ಮೋಸ'ದ ಬಗ್ಗೆ ಸ್ವಲ್ಪ.

ಸಂಸ್ಕೃತದಲ್ಲಿ 'ಮೋಷ' ಅಂದರೆ ಕಳವು. ಇಲಿಯನ್ನು ಮೂಷಿಕ ಅನ್ನೋದೂ ಅದೇ ಮುಷ್ ಧಾತುವಿನಿಂದ, ಕದಿಯೋದು ಅದರ ಕಸುಬು ಅಂತ. ನಮ್ಮ ಮೋಸಕ್ಕೂ ಆ ಮೋಷಕ್ಕೂ ನೆಂಟಸ್ತಿಕೆ ಕಟ್ಟುವವರಿದ್ದಾರೆ. ಆದರೆ ಕನ್ನಡದಲ್ಲಿ ಕಳವೇ ಬೇರೆ, ಮೋಸವೇ ಬೇರೆ. ಕಳ್ಳ ನಿಮ್ಮ ಜೇಬಿಂದ ತೆಗೀತಾನೆ. ಮೋಸದಲ್ಲಿ ನೀವೇ ಜೇಬಿಗೆ ಕೈಹಾಕಿ ತೆಗೆದು ಎಣಿಸಿ ಕೊಡ್ತೀರಿ, ಒಂದೊಂದು ಸಲ ಥ್ಯಾಂಕ್ಸ್ ಬೇರೆ ಹೇಳಿ.

ವಂಚನೆಯ ಬೇರು 'ವಂಚ್', ಸೊಟ್ಟಸೊಟ್ಟವಾಗಿ ಹೋಗೋದು ಅಂತ ಅರ್ಥ. ಇದು ಗ್ರಂಥಸ್ಥ ಪದವಾಗೇ ಉಳಿದುಕೊಂಡಿತು. ಅಂಗಡಿ ಜಗಳದಲ್ಲಿ ಯಾರೂ "ವಂಚಕ!" ಅಂತ ಕಿರುಚಲ್ಲ. ಆದರೆ 'ವಂಚಿತ' ಮಾತ್ರ ಎಲ್ಲಿ ನೋಡಿದರೂ ಇದೆ. ಒಂದು ಸೇವಾ ಸಂಸ್ಥೆಯವರ ಮನವಿ ಪತ್ರ ಟೈಪ್ ಮಾಡಿಕೊಟ್ಟೆ, ಅದರಲ್ಲಿ 'ಸೌಲಭ್ಯ ವಂಚಿತ ಮಕ್ಕಳು' ಅಂತ ಹನ್ನೊಂದು ಸಲ ಇತ್ತು. ವಂಚಿತ ಅಂದರೆ ಮೋಸಹೋದವರು ತಾನೇ. ಹಾಗಾದರೆ ವಂಚಿಸಿದವರು ಯಾರು? ಆ ನಾಲ್ಕು ಪುಟದಲ್ಲಿ ಎಲ್ಲೂ ಇರಲಿಲ್ಲ. ಪಾಪದವರ ಬಗ್ಗೆ ಸೌಜನ್ಯದಿಂದ ಮಾತಾಡೋಕೆ ಅಂತ ಇಟ್ಟುಕೊಂಡ ಪದ, ಅದರ ಹೊಟ್ಟೆಯಲ್ಲಿ ಒಂದು ಆರೋಪ ಸುಮ್ಮನೆ ಮಲಗಿದೆ.

'ಕೈಕೊಡು' ಇನ್ನೂ ಮಜಾ. ಕೈ ಕೊಟ್ಟು ಎತ್ತಬೇಕಾದ್ದು ನ್ಯಾಯ. ನಮ್ಮಲ್ಲಿ ಕೈ ಕೊಟ್ಟ ಅಂದರೆ ಬಿಟ್ಟು ಓಡಿದ ಅಂತ. ಮಳೆ ಕೈಕೊಡುತ್ತೆ, ಗಾಡಿ ಕೈಕೊಡುತ್ತೆ, ನಮ್ಮಲ್ಲಿ ವಾರಕ್ಕೆ ಎರಡು ದಿನ ಪ್ರಿಂಟರ್ ಕೈಕೊಡುತ್ತೆ. ಅದರಲ್ಲಿ ಉದ್ದೇಶ ಇರಬೇಕು ಅಂತಿಲ್ಲ. ಪ್ರಿಂಟರ್ ವಿಷಯದಲ್ಲಿ ನನಗೆ ಅನುಮಾನ ಇದೆ, ಅದು ಬೇರೆ ಮಾತು.

ಮೋಸಕ್ಕೆ ಮತ್ತೊಂದು ಮುಖ ಇದೆ, ಹೊರಗಿನವರಿಗೆ ಬೇಗ ಹತ್ತಲ್ಲ. "ಕಾಫಿ ಹೇಗಿದೆ?" "ಮೋಸ ಇಲ್ಲ." "ಹುಡುಗನ ಸಂಬಳ?" "ಮೋಸ ಇಲ್ಲ." ಅಂದರೆ ಚೆನ್ನಾಗಿದೆ, ಹೊಗಳುವಷ್ಟಲ್ಲ. ಲೋಕ ಮೋಸ ಮಾಡೋದೇ ವಾಡಿಕೆ, ಮಾಡದಿದ್ದರೆ ಅದೇ ಒಂದು ಸರ್ಟಿಫಿಕೇಟು ಅನ್ನೋ ಲೆಕ್ಕ. ನಮ್ಮವರು ನನ್ನ ಅಡುಗೆಗೆ ಮೂವತ್ತು ವರ್ಷದಿಂದ ಕೊಡ್ತಿರೋ ಸರ್ಟಿಫಿಕೇಟು ಇದೇ.

ಈಗ ವ್ಯಾಕರಣ. ಹೆದರಬೇಡಿ, ನಾನೇನು ಪಂಡಿತಳಲ್ಲ. ಮೇಯೋ ಹಾಲ್ ಕೋರ್ಟಿಗೆ ಕಾಗದ ತಲುಪಿಸೋಕೆ ಹೋದಾಗೆಲ್ಲ ಎಂ.ಜಿ. ರಸ್ತೆಯಲ್ಲಿ ಕಿಟೆಲ್ ಪ್ರತಿಮೆ ಕಾಣುತ್ತೆ. 1894ರಲ್ಲಿ ಅಷ್ಟು ದಪ್ಪ ಕನ್ನಡ ನಿಘಂಟು ಕೊಟ್ಟ ಪುಣ್ಯಾತ್ಮ, ಮನಸ್ಸಲ್ಲೇ ಒಂದು ನಮಸ್ಕಾರ ಹಾಕಿ ಮುಂದೆ ಹೋಗ್ತೀನಿ. ನನ್ನ ಪಾಂಡಿತ್ಯ ಅಷ್ಟೇ. ಆದರೆ ದಿನವಿಡೀ ಅಕ್ಷರ ಕುಟ್ಟುವವಳಿಗೆ ಬೆರಳಿಗೇ ಕೆಲವು ಗೊತ್ತಾಗುತ್ತೆ.

ಕನ್ನಡದಲ್ಲಿ ಮೋಸ 'ಮಾಡ್ತಾರೆ', ಮೋಸ 'ಹೋಗ್ತಾರೆ'. ಮಾಡಿದವನು ಮಾಡಿದ, ಸರಿ. ಹೋದವಳು? ಅವಳೇ ನಡಕೊಂಡು ಹೋದ ಹಾಗಿದೆ ಮಾತು. ಸಂತೆಗೆ ಹೋದೆ, ಮದುವೆಗೆ ಹೋದೆ, ಮೋಸ ಹೋದೆ. ಅದಕ್ಕೇ ಇರಬೇಕು, ಕಳ್ಳತನ ಆದ ಮನೆಗೆ ಬಂದವರು "ಅಯ್ಯೋ ಪಾಪ" ಅಂತಾರೆ, ಮೋಸಹೋದ ಮನೆಗೆ ಬಂದವರು "ನೀವ್ಯಾಕೆ ಮೋಸ ಹೋದ್ರಿ?" ಅಂತಾರೆ. ನನ್ನ ಮೈದುನ ಬಂದು ಸೋಫಾದಲ್ಲಿ ಕೂತು ಟೀ ಕುಡಿದು ಹೇಳಿದ್ದು: "ಮೋಸ ಹೋಗೋರು ಇರೋವರೆಗೂ ಮೋಸ ಮಾಡೋರು ಇರ್ತಾರೆ ಅತ್ತಿಗೆ." ಆ ಗಾದೆ ಕಟ್ಟಿದವನು ಯಾರೋ ಮೋಸ ಮಾಡುವವನೇ ಇರಬೇಕು.

'ಯಾಮಾರು' ಕೂಡ ಹಾಗೇ. ಯಾಮಾರಿದೆ ಅಂದರೆ ಮೈಮರೆತೆ, ಎಚ್ಚರ ತಪ್ಪಿದೆ, ತಪ್ಪು ನನ್ನದು. ತಮಿಳು ತೆಲುಗಿನವರೂ ಇದೇ ಪದ ಆಡ್ತಾರೆ, ಬೆಂಗಳೂರಲ್ಲಿ ಮೂರೂ ಸೇರಿ ಇದಕ್ಕೆ ಇಷ್ಟು ಬಳಕೆ ಬಂದಿದೆ. ಅದಕ್ಕೊಂದು 'ಇಸು' ಸೇರಿಸಿ: ಯಾಮಾರಿಸು. ಈಗ ಇನ್ನೊಬ್ಬ ಮನುಷ್ಯ ಒಳಗೆ ಬಂದ. ನಾನು ಎಚ್ಚರ ತಪ್ಪಿದ್ದಲ್ಲ, ತಪ್ಪುವ ಹಾಗೆ ಅವನು ಮಾಡಿದ್ದು. ಚಳ್ಳೆಹಣ್ಣು ತಿಂದರೆ ಚಪಲ, ತಿನ್ನಿಸಿದರೆ ಮೋಸ. ತಲೆ ಬೋಳಾದರೆ ವಯಸ್ಸು, ಬೋಳಿಸಿದರೆ ಬೇರೆ. (ವಂಚಿಸು ಅನ್ನೋದರಲ್ಲಿರೋ ಇಸು ಈ ಜಾತಿಯದಲ್ಲ. ಸಂಸ್ಕೃತದ ಪದವನ್ನು ಕನ್ನಡದ ಕ್ರಿಯಾಪದ ಮಾಡ್ಕೊಳ್ಳೋಕೆ ಹಚ್ಚಿದ್ದು ಅದು. ಯಾರಾದರೂ ಮೇಷ್ಟ್ರು ಓದ್ತಿದ್ದರೆ ಬೈಯಬಾರದಲ್ಲ.) ತಾಯಿ ಮಗುವಿಗೆ ಮಾಡೋದೆಲ್ಲ ಇದೇ ಇಸುವಿನಲ್ಲಿದೆ: ಉಣಿಸು, ಮಲಗಿಸು, ನಗಿಸು. ಅದೇ ಇಸು 'ನಂಬು'ವಿಗೆ ಹತ್ತಿದರೆ ನಂಬಿಸು. ಕತ್ತು ಕೊಯ್ಯುವವನಿಗೂ ಕನ್ನಡ ಮೊದಲು ಆ ಕೆಲಸ ಹಚ್ಚುತ್ತೆ. ಬರೀ ಕತ್ತು ಕೊಯ್ದ ಅನ್ನಲ್ಲ ನಾವು, ನಂಬಿಸಿ ಕತ್ತು ಕೊಯ್ದ.

ಇನ್ನು ನನ್ನ ಕಥೆ.

2023ರ ಫೆಬ್ರವರಿ 17, ಬಜೆಟ್ ದಿನ. ಕಾಂಗ್ರೆಸ್ಸಿನವರು ವಿಧಾನಸಭೆಗೆ ಕಿವಿ ಮೇಲೆ ಹೂವಿಟ್ಟುಕೊಂಡು ಬಂದಿದ್ದರು, ಸರ್ಕಾರ ಜನರ ಕಿವಿಗೆ ಹೂವಿಡ್ತಿದೆ ಅಂತ ತೋರಿಸೋಕೆ. ಟೀ ಅಂಗಡಿ ಟಿವಿಯಲ್ಲಿ ಅದನ್ನು ನೋಡಿ ನಾವೆಲ್ಲ ನಕ್ಕಿದ್ದೇ ನಕ್ಕಿದ್ದು. (ಮರುವರ್ಷದ ಏಪ್ರಿಲಿನಲ್ಲಿ ಪತ್ರಿಕೆ ತುಂಬಾ ಕಾಂಗ್ರೆಸ್ಸಿನವರ ಚೊಂಬಿನ ಜಾಹೀರಾತು ಬಂತು, ಬಿಜೆಪಿ-ಜೆಡಿಎಸ್ ಕಡೆಯಿಂದ ಅಕ್ಷಯಪಾತ್ರೆಯ ಉತ್ತರ ಬಂತು. ನಮ್ಮ ಚುನಾವಣೆಯೆಲ್ಲ ಗಾದೆಯಲ್ಲೇ ನಡೆಯುತ್ತೆ.) ಆ ಹೂವಿನ ಪ್ರಸಂಗ ಕಳೆದು ನಾಲ್ಕು ತಿಂಗಳಿಗೆ ನನ್ನ ಕಿವಿಗೆ ಹೂವು ಬಂತು.

ನಮ್ಮವರು ಪೀಣ್ಯದ ಫ್ಯಾಕ್ಟರಿಯಿಂದ ನಿವೃತ್ತರಾದರು. ಬಂದ ದುಡ್ಡಲ್ಲಿ ಒಂಬತ್ತು ಲಕ್ಷ ಹಾಕಿ ಮನೆ ಭೋಗ್ಯಕ್ಕೆ ತಗೊಂಡರೆ ತಿಂಗಳ ಬಾಡಿಗೆ ಉಳಿಯುತ್ತೆ ಅಂತ ಲೆಕ್ಕ. ಬೆಂಗಳೂರಿನ ಭೋಗ್ಯ ಗೊತ್ತಲ್ಲ, ಇಡುಗಂಟು ಕೊಟ್ಟು ಎರಡೋ ಮೂರೋ ವರ್ಷ ಬಾಡಿಗೆ ಇಲ್ಲದೆ ಇರೋದು, ಬಿಡುವಾಗ ಗಂಟು ವಾಪಸ್. ಕತ್ರಿಗುಪ್ಪೆ ಹತ್ತಿರ ಎರಡು ಬೆಡ್‌ರೂಮಿನ ಮನೆ, ಕಾವೇರಿ ನೀರು, ಪೂರ್ವಕ್ಕೆ ಬಾಗಿಲು. ಮಾಲೀಕರು ನೇರ ಸಿಗಲಿಲ್ಲ. ನಡುವೆ ಒಂದು ಆಫೀಸು. "ಮಾಲೀಕರು ಮ್ಯಾನೇಜ್‌ಮೆಂಟ್ ಪೂರ್ತಿ ನಮಗೇ ಬರೆದುಕೊಟ್ಟಿದ್ದಾರೆ ಅಕ್ಕ" ಅಂದ ಅಲ್ಲಿದ್ದವನು.

ಅವನು ಹೇಗೆ ನಂಬಿಸಿದ ಅಂತ ರಾತ್ರಿ ಎಷ್ಟು ಸಲ ಯೋಚಿಸಿದ್ದೀನೋ. ಸಿಹಿಮಾತು ಆಡಲಿಲ್ಲ. ಆಣೆ ಇಡಲಿಲ್ಲ. ನಾನು ಅಡ್ವಾನ್ಸ್ ಚೆಕ್ ತೆಗೆದಾಗ, "ಇವತ್ತು ಬೇಡ ಅಕ್ಕ. ಮನೆಯವರನ್ನ ಕರ್ಕೊಂಡು ಬನ್ನಿ, ಇನ್ನೊಂದ್ಸಲ ಮನೆ ನೋಡಿ, ಬೋರ್‌ವೆಲ್ ಬಗ್ಗೆ ಪಕ್ಕದವರನ್ನ ಕೇಳಿ, ಆಮೇಲೆ ಕೊಡಿ" ಅಂದ. ದುಡ್ಡು ಬೇಡ ಅಂದ, ಅಷ್ಟೇ ಅವನು ಮಾಡಿದ್ದು. ಅವತ್ತು ಸಂಜೆ ಮನೆಗೆ ಬಂದು ನಮ್ಮವರ ಹತ್ತಿರ, "ಆತುರ ಇಲ್ಲದ ಮನುಷ್ಯ ಕಣ್ರೀ" ಅಂದೆ.

ಆಮೇಲಿನದು ಹೇಳೋಕೆ ನಾಚಿಕೆ. ಜೂನ್ 5ನೇ ತಾರೀಕು ಕರಾರಿಗೆ ಸಹಿ ಹಾಕೋಕೆ ಹೋದೆವು. ನಾನು ಓದಿದೆ, ಓದದೆ ಇರ್ತೀನಾ. ಶುರುವಿನಲ್ಲೇ 'ಬೋಗ್ಯದ ಕರಾರು' ಅಂತಿತ್ತು. "ಭೋಗ್ಯಕ್ಕೆ ಮಹಾಪ್ರಾಣ ಬರುತ್ತೆ, ತಿದ್ದಿಸಿ" ಅಂದೆ. ಎಂಟು ಕಡೆ ತಪ್ಪಿತ್ತು, ಎಂಟನ್ನೂ ಪೆನ್ನಲ್ಲಿ ಗುರುತು ಹಾಕಿಕೊಟ್ಟೆ. ಅವನು ಎದ್ದು ನಿಂತು, "ನಿಮ್ಮಂಥೋರು ಟೆನೆಂಟಾಗಿ ಸಿಗೋದು ಪುಣ್ಯ ಅಕ್ಕ" ಅಂದು ಕೈಮುಗಿದ. ಹೊಸದಾಗಿ ಪ್ರಿಂಟ್ ತೆಗೆಸಿದ. ಕಾಫಿ ತರಿಸಿದ. 'ಮಾಲೀಕರಿಂದ ಅಧಿಕಾರ ಪಡೆದಿರುವುದರಿಂದ' ಅನ್ನೋ ಸಾಲು ಮೂರನೇ ಪ್ಯಾರಾದಲ್ಲಿತ್ತು. ಕಾಗುಣಿತ ಸರಿಯಾಗಿತ್ತು. ಆ ಅಧಿಕಾರದ ಕಾಗದ ಎಲ್ಲಿ ಅಂತ ಕೇಳೋದು ನನಗೆ ಹೊಳೆಯಲಿಲ್ಲ. ಜನರ ಕರಾರುಗಳಲ್ಲಿ ಅದೇ ಸಾಲನ್ನು ಎಷ್ಟು ಸಲ ನಾನೇ ಹೊಡೆದಿದ್ದೀನೋ.

ಒಂದೂವರೆ ವರ್ಷದ ಹತ್ತಿರ ಚೆನ್ನಾಗೇ ಇದ್ದೆವು. 2024ರ ಅಕ್ಟೋಬರಿನಲ್ಲಿ ಒಂದು ಭಾನುವಾರ ಬೆಳಿಗ್ಗೆ ಬಾಗಿಲು ತಟ್ಟಿದವರು ಮಾಲೀಕರು. ಬ್ಯಾಂಕಿನಿಂದ ನಿವೃತ್ತರಾದವರು, ಮೈಸೂರಿಂದ ಬಂದಿದ್ದರು. "ಎರಡು ತಿಂಗಳಿಂದ ಬಾಡಿಗೆ ಬಂದಿಲ್ಲವಲ್ಲಮ್ಮ?" "ಬಾಡಿಗೆ ಯಾವುದು, ಭೋಗ್ಯಕ್ಕೆ ಒಂಬತ್ತು ಲಕ್ಷ ಕೊಟ್ಟಿದೀವಲ್ಲ?" "ಭೋಗ್ಯನಾ?" ಇಬ್ಬರೂ ಬಾಗಿಲಲ್ಲೇ ನಿಂತಿದ್ದೆವು. ಒಳಗೆ ಕುಕ್ಕರ್ ಕೂಗ್ತಾ ಇತ್ತು, ಯಾರೂ ಹೋಗಿ ಆರಿಸಲಿಲ್ಲ.

ಅವರಿಂದ ಬಾಡಿಗೆಗೆ ಅಂತ ತಗೊಂಡು, ನಮಗೆ ಭೋಗ್ಯಕ್ಕೆ ಅಂತ ಕೊಟ್ಟಿದ್ದ. ನಮ್ಮ ಗಂಟಿನಿಂದಲೇ ಅವರಿಗೆ ಅಡ್ವಾನ್ಸ್ ಒಂದು ಲಕ್ಷ, ತಿಂಗಳಿಗೆ 17,000ದಂತೆ ಹದಿನಾಲ್ಕು ತಿಂಗಳ ಬಾಡಿಗೆ. ಒಟ್ಟು 3,38,000. ಉಳಿದ 5,62,000 ಅವನ ಜೊತೆ ಹೋಯ್ತು. ಆಫೀಸಿಗೆ ಹೋದರೆ ಶಟರ್ ಇಳಿದಿತ್ತು, ಮುಂದೆ ನಮ್ಮಂಥವರೇ ಹನ್ನೆರಡು ಜನ. ಅವರಲ್ಲಿ ಒಬ್ಬರು ನನ್ನ ಹಳೇ ಗಿರಾಕಿ. ನನ್ನ ನೋಡಿ, "ಮೇಡಂ, ನೀವೂನಾ?" ಅಂದರು. ಒಂಬತ್ತು ಲಕ್ಷಕ್ಕಿಂತ ಆ ಮಾತು ಹೆಚ್ಚು ದಿನ ಕುಟುಕಿತು.

ಠಾಣೆಯಲ್ಲಿ ರೈಟರ್ ಒಳ್ಳೆಯವರೇ. ಕೂರಿಸಿ ಕೇಳಿಸಿಕೊಂಡರು. ಕೊನೆಗೆ, "ಹದಿನಾಲ್ಕು ತಿಂಗಳು ಕರೆಕ್ಟಾಗಿ ಕಟ್ಟಿದಾನಲ್ಲಮ್ಮ. ಆಮೇಲೆ ವ್ಯವಹಾರ ಕೆಟ್ಟಿರಬಹುದು. ಇದು ಸಿವಿಲ್ ಮ್ಯಾಟ್ರಾಗುತ್ತೆ" ಅಂದರು.

ನನಗೆ ಸಿಟ್ಟು ಬಂತು. ಸಿಟ್ಟಿನ ಕೆಳಗೆ ಇನ್ನೊಂದೂ ಇತ್ತು: ಅವರ ಮಾತು ತಪ್ಪು ಅನ್ನೋಕೆ ನನ್ನ ಹತ್ತಿರ ಏನಿದೆ?

ಮಾರನೇ ದಿನ ಆ ಆಟೋಕರೆಕ್ಟ್ ಹುಡುಗನಿಗೆ ಫೋನ್ ಮಾಡಿದೆ. ಕೋರ್ಟ್ ಮುಗಿಸಿ ಅಂಗಡಿಗೇ ಬಂದ, ಕರಿಕೋಟು ಬಿಚ್ಚಿ ಜೆರಾಕ್ಸ್ ಮಿಷನ್ ಮೇಲೆ ಹಾಕಿ ಕೂತ. "ಆಂಟಿ, ರೈಟರ್ ಹೇಳಿದ್ದು ಪೂರ್ತಿ ತಪ್ಪಲ್ಲ. ಹಳೇ ದಂಡಸಂಹಿತೆಯಲ್ಲಿ 420 ಅಂದರೆ ಶಿಕ್ಷೆ. ವಂಚನೆ ಅಂದರೇನು ಅಂತ ಹೇಳೋದು 415. ಅದರ ಕೆಳಗೆ ಒಂದು ಉದಾಹರಣೆ ಇದೆ, ನೀಲಿ ಗಿಡದ್ದು." 1860ರ ಕಾನೂನು ಅದು. ಬಂಗಾಳದಲ್ಲಿ ನೀಲಿ ಬೆಳೆಯೋ ರೈತರು ದಂಗೆ ಎದ್ದಿದ್ದ ಕಾಲ. ಒಬ್ಬ ಇಷ್ಟು ನೀಲಿ ಗಿಡ ಕೊಡ್ತೀನಿ ಅಂತ ಇನ್ನೊಬ್ಬನ ಹತ್ತಿರ ಮುಂಗಡ ತಗೊಳ್ತಾನೆ. ತಗೊಳ್ಳುವಾಗಲೇ ಕೊಡೋ ಮನಸ್ಸು ಇರದಿದ್ದರೆ ಅದು ವಂಚನೆ. ತಗೊಳ್ಳುವಾಗ ಕೊಡೋ ಮನಸ್ಸಿದ್ದು ಆಮೇಲೆ ಕೊಡದೆ ಹೋದರೆ ವಂಚನೆ ಅಲ್ಲ, ಮಾತು ತಪ್ಪಿದ್ದು ಅಷ್ಟೇ, ಸಿವಿಲ್ ದಾವೆಗೆ ಹೋಗಬೇಕು. ಗಿಡವೂ ಒಂದೇ, ಮುಂಗಡವೂ ಒಂದೇ, ಕಳಕೊಂಡವನ ಕಷ್ಟವೂ ಒಂದೇ. ಬೇರೆ ಇರೋದು ಮೊದಲ ದಿನ ಅವನ ತಲೆಯೊಳಗೆ ಏನಿತ್ತು ಅನ್ನೋದು ಮಾತ್ರ.

"ಅಂದರೆ 'ಮೋಸ ಮಾಡಿರುತ್ತಾರೆ' ಅನ್ನೋದು ಮುಖ್ಯ ಅಲ್ಲ ಆಂಟಿ. ಮುಂಚಿನ ಪದ ಮುಖ್ಯ. 'ನಂಬಿಸಿ' ಅನ್ನೋದನ್ನ ನೀವು ತೋರಿಸಬೇಕು."

ಇಷ್ಟು ವರ್ಷ ಬೆರಳ ತುದಿಯಲ್ಲಿದ್ದ ಪದ. ಅದು ಆ ಸಾಲಿಗೆ ತೋರಣ ಇದ್ದ ಹಾಗೆ ಅಂದುಕೊಂಡಿದ್ದೆ, ಬರೀ ಮೋಸ ಅಂದರೆ ಬೋಳುಬೋಳಾಗಿ ಕಾಣುತ್ತೆ ಅಂತ ಮುಂದೆ ಕಟ್ಟಿದ್ದು. ಇಡೀ ಕೇಸು ಅದರ ಮೇಲೆ ನಿಂತಿದೆ ಅಂತ ಗೊತ್ತಿರಲಿಲ್ಲ. ಅಷ್ಟು ಜನರ ದೂರಲ್ಲಿ ಒಬ್ಬರನ್ನಾದರೂ, "ಮೊದಲ ದಿನವೇ ಅವನಿಗೆ ಆ ಉದ್ದೇಶ ಇತ್ತು ಅಂತ ಹೇಗೆ ಗೊತ್ತು?" ಅಂತ ಕೇಳಿರಲಿಲ್ಲ. ಕೇಳೋದು ನನ್ನ ಕೆಲಸ ಅಲ್ಲ, ಸರಿ. ಆದರೂ.

(ಹೊಸ ನ್ಯಾಯಸಂಹಿತೆ ಜಾರಿಯಾದದ್ದು 2024ರ ಜುಲೈ 1ಕ್ಕೆ. ಅದರಲ್ಲಿ 420 ಹೋಗಿ 318ರ 4ನೇ ಉಪಕಲಂ ಬಂತು. ಏಳು ವರ್ಷದವರೆಗಿನ ಶಿಕ್ಷೆ ಹಾಗೇ ಇದೆ. ಆದರೆ 'ಅವನೊಬ್ಬ ಫೋರ್ ಟ್ವೆಂಟಿ' ಅನ್ನೋ ಬೈಗುಳಕ್ಕೆ ಬದಲಿ ಯಾರು ಕೊಡ್ತಾರೆ? 'ತ್ರೀ ಏಟೀನ್ ಬ್ರಾಕೆಟ್ ಫೋರ್' ಅಂತ ಸಿಟ್ಟಲ್ಲಿ ಒಂದ್ಸಲ ಹೇಳಿ ನೋಡಿ. ನಾವು ದುಡ್ಡು ಕೊಟ್ಟದ್ದು 2023ರಲ್ಲಿ ಆದ್ದರಿಂದ ನಮಗೆ ಹಳೇ ಫೋರ್ ಟ್ವೆಂಟಿಯೇ ಸಿಕ್ಕಿತು. ಅಷ್ಟರಮಟ್ಟಿಗೆ ಮೋಸ ಇಲ್ಲ.)

ತೋರಿಸೋಕೆ ನನ್ನ ಹತ್ತಿರ ಏನಿತ್ತು? ಮೊದಲ ದಿನ ದುಡ್ಡು ಬೇಡ ಅಂದದ್ದೇ ಮೋಸದ ಗುರುತು ಅಂತ ಬರೆಯೋಕಾಗುತ್ತಾ? ಕೈಮುಗಿದದ್ದು? ಹದಿನಾಲ್ಕು ತಿಂಗಳು ಕಟ್ಟಿದ್ದು ನಿಯತ್ತೋ, ಗಾಳಕ್ಕೆ ಸಿಕ್ಕಿಸಿದ ಎರೆಹುಳವೋ? ಒಂದು ರಾತ್ರಿ ನಮ್ಮವರು, "ಪಾಪ, ಅವನಿಗೂ ಎಲ್ಲೋ ಲಾಸ್ ಆಗಿರಬೇಕು ಬಿಡೆ" ಅಂದುಬಿಟ್ಟರು. ನಾನು ಕೂಗಾಡಿದೆ. ಆದರೆ ನಾನೂ ಆ ಸಾಲಿನ ಮನೆಮಾತಿನ ಅರ್ಥದಲ್ಲೇ ಇದ್ದೆ. ಮೋಸ ಮಾಡಿರ್ತಾನೆ, ಇರಬಹುದು.

ಗೊತ್ತಾದದ್ದು ಮಾಲೀಕರ ಕಾಗದದಿಂದ. ಅವರು ಇನ್ನೊಂದು ಸಲ ಮೈಸೂರಿಂದ ಬಂದಾಗ ತಮ್ಮ ಬಾಡಿಗೆ ಕರಾರಿನ ಜೆರಾಕ್ಸ್ ತಂದಿದ್ದರು. ಅಂಗಡಿಯಲ್ಲೇ ಕೂತು ಓದಿದೆ. ಐದನೇ ಷರತ್ತು: 'ಸದರಿ ಸ್ವತ್ತನ್ನು ಒಳಬಾಡಿಗೆಗಾಗಲೀ ಭೋಗ್ಯಕ್ಕಾಗಲೀ ಕೊಡತಕ್ಕದ್ದಲ್ಲ.' ಭೋಗ್ಯಕ್ಕೆ ಮಹಾಪ್ರಾಣ ಇತ್ತು. ಎಂಟನ್ನು ನಾನು ತಿದ್ದಿಕೊಟ್ಟ ಮೇಲೆ ಕಲಿತನೋ ಏನೋ ಅಂತ ಒಂದು ಕ್ಷಣ ಅನ್ನಿಸಿ, ನಗು ಬರುವ ಹೊತ್ತಿಗೆ ಬೆರಳು ನಿಂತಿತು. ನಾನು ತಿದ್ದಿಕೊಟ್ಟ ಮೇಲೆ? ಮೊದಲ ಪುಟಕ್ಕೆ ಹಿಂದೆ ಹೋದೆ. ಇ-ಸ್ಟಾಂಪ್ ಕಾಗದದ ಮೇಲ್ಭಾಗದಲ್ಲಿ ಅದನ್ನು ಕೊಟ್ಟ ದಿನ, ಗಂಟೆ, ನಿಮಿಷ ಎಲ್ಲಾ ಅಚ್ಚಾಗಿರುತ್ತೆ. ದಿನಾ ನೋಡ್ತೀನಿ, ಯಾರೂ ಓದಲ್ಲ. 12 ಜೂನ್ 2023, ಮಧ್ಯಾಹ್ನ.

ನಮ್ಮದು ಜೂನ್ 5. ಒಂಬತ್ತು ಲಕ್ಷ ಅವನ ಖಾತೆಗೆ ಹೋದದ್ದೂ ಅವತ್ತೇ, ಬ್ಯಾಂಕಿನ ಮೆಸೇಜ್ ಇದೆ. 'ಮಾಲೀಕರಿಂದ ಅಧಿಕಾರ ಪಡೆದಿರುವುದರಿಂದ' ಅಂತ ಅವನು ನಮಗೆ ಬರೆದುಕೊಟ್ಟ ದಿನ ಮಾಲೀಕರು ಅವನಿಗೆ ಏನನ್ನೂ ಬರೆದುಕೊಟ್ಟಿರಲಿಲ್ಲ. ಒಂದು ವಾರ ಕಳೆದು ಬರೆದುಕೊಟ್ಟದ್ದರಲ್ಲೂ ಅವನು ಮಾಡಿದ್ದನ್ನೇ ಮಾಡಕೂಡದು ಅಂತಿತ್ತು. "ನಿಮ್ಮನ್ನ ಅವನು ಮೊದಲು ಯಾವಾಗ ಭೇಟಿ ಮಾಡಿದ್ದು ಸಾರ್?" ಅಂತ ಕೇಳಿದೆ. ಅವರು ಫೋನಲ್ಲಿ ಹುಡುಕಿ, "ಎಂಟನೇ ತಾರೀಕು ಮೊದಲನೇ ಕಾಲ್" ಅಂದರು. ಬಾಗಿಲಿಗೆ ಹಾಕಿದ್ದ 'ಮನೆ ಬಾಡಿಗೆಗೆ ಇದೆ' ಬೋರ್ಡು ನೋಡಿ ಮಾಡಿದ್ದಂತೆ. ಕೀಲಿ ಕೆಳಗಿನ ಮನೆಯವರ ಹತ್ತಿರ ಇರ್ತಿತ್ತು, ಯಾರು ಕೇಳಿದರೂ ತೋರಿಸೋಕೆ. ನಾವು ಎರಡು ಸಲ ಹೋಗಿ ನೋಡಿ ಬಂದಾಗ ಆ ಬೋರ್ಡು ಅಲ್ಲೇ ಇತ್ತು. ನಾನು ಕೇಳಿದ್ದೆ ಕೂಡ. "ಹಳೇದು ಅಕ್ಕ, ತೆಗೆಸಬೇಕು" ಅಂದಿದ್ದ.

ಅವತ್ತು ಸಂಜೆ ಅಂಗಡಿ ಮುಚ್ಚೋ ಮುಂಚೆ ನನ್ನ ದೂರು ನಾನೇ ಹೊಡೆದೆ. ಹಿಂದೆ ಬರೆದಿದ್ದ ಎರಡು ಪುಟ ಹರಿದು ಹಾಕಿದೆ. ತಾರೀಕುಗಳನ್ನು ಸಾಲಾಗಿ ಇಟ್ಟೆ: 5, 8, 12. ಯಾರಿಗೂ ಇಷ್ಟು ನಿಧಾನವಾಗಿ ಟೈಪ್ ಮಾಡಿಕೊಟ್ಟಿಲ್ಲ. ಕೊನೆಗೆ 'ನಂಮ' ಅಂತ ಹೊಡೆದು ಸ್ಪೇಸ್ ಒತ್ತಿದೆ. ಸಾಲು ಬಂತು. ನಂಬಿಸಿ ಮೋಸ ಮಾಡಿರುತ್ತಾರೆ. ಕರ್ಸರ್ ಕೊನೆಯಲ್ಲಿ ಮಿಣುಕ್ತಾ ಇತ್ತು. ಬ್ಯಾಕ್‌ಸ್ಪೇಸ್ ಒತ್ತಿದೆ. 'ರೆ' ಅಳಿಸಿ 'ನೆ' ಹಾಕಿದೆ. ಮಾಡಿರುತ್ತಾನೆ. ಪ್ರಿಂಟರ್ ಅವತ್ತು ಕೈಕೊಡಲಿಲ್ಲ.

ಠಾಣೆಯಲ್ಲಿ ಅದೇ ರೈಟರ್. ತಾರೀಕುಗಳ ಹತ್ತಿರ ಬಂದಾಗ ಕನ್ನಡಕ ಸರಿಮಾಡಿಕೊಂಡು ಎರಡು ಜೆರಾಕ್ಸನ್ನೂ ಅಕ್ಕಪಕ್ಕ ಇಟ್ಟು ನೋಡಿದರು. "ಇದನ್ನ ಮೊದಲೇ ತರಬೇಕಿತ್ತಮ್ಮ" ಅಂದರು. ಸಿವಿಲ್ ಅನ್ನಲಿಲ್ಲ. ಪೆನ್ನು ಹಿಡಿದು ಸಾಲುಸಾಲಾಗಿ ಕೆಳಗೆ ಬಂದರು. 'ನಂಬಿಸಿ' ಮೇಲೆ ಪೆನ್ನು ನಿಲ್ಲುತ್ತೇನೋ ಅಂತ ನೋಡ್ತಾ ಇದ್ದೆ. ನಿಲ್ಲದೆ ಮುಂದೆ ಹೋಯ್ತು. ಕೊನೆಯ ಪದದ ಹತ್ತಿರ ನಿಂತಿತು.

"ಏನಮ್ಮ, ಟೈಪಿಂಗ್ ಮಾಡೋರು ನೀವೇ ಹಿಂಗೆ ಬರೆದ್ರೆ?"

'ನೆ' ಮೇಲೆ ಅಡ್ಡಗೆರೆ ಎಳೆದು 'ರೆ' ಬರೆದರು. ಪಕ್ಕದಲ್ಲಿ ನನ್ನ ಚಿಕ್ಕ ಸಹಿ ಹಾಕಿಸಿಕೊಂಡರು, ತಿದ್ದಿದ್ದಕ್ಕೆ.